ಒಳಬದಿ ಸವೆದ ಟೈರು

ಅಪ್ಪನ ಬಲಗೈ ಮಣಿಕಟ್ಟು ಈಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ಅದರಾಚೆ ಹೋಗುವುದಿಲ್ಲ. ಇನ್ನು ಹೋಗುವುದೂ ಇಲ್ಲ ಎಂದು ನನಗೆ ಗೊತ್ತು, ಏಕೆಂದರೆ ಅದನ್ನು ಹಿಡಿದು ತಿರುಗಿಸಿ ನೋಡುವವಳು ನಾನೇ. ಫಿಸಿಯೋಥೆರಪಿ ನನ್ನ ಕೆಲಸ. ಬೇರೆಯವರ ಕೈಯಾಗಿದ್ದರೆ ಇಷ್ಟು ಬಂತಲ್ಲ ಎಂದು ಸಮಾಧಾನ ಹೇಳುತ್ತಿದ್ದೆ. ಇದು ನಲವತ್ತು ವರ್ಷ ತದಡಿಯ ದಡದಲ್ಲಿ ದೋಣಿ ಕಟ್ಟಿದ ಕೈ. ಬಾಚಿ ಹಿಡಿದು ಹಲಗೆ ಕೆತ್ತಬೇಕಾದರೆ ಮಣಿಕಟ್ಟು ಪೂರ್ತಿ ತಿರುಗಬೇಕು.

ಆ ಕೈ ಹೀಗಾದದ್ದು ವಯಸ್ಸಿನಿಂದಲ್ಲ, ಹಣೆಬರಹದಿಂದಲೂ ಅಲ್ಲ. ಕಾರು ಚಂದ ಕಾಣಬೇಕೆಂದು ಒಬ್ಬ ಅದರ ಸ್ಪ್ರಿಂಗು ಕೊಯ್ಸಿದ. ಅದು ಗೊತ್ತಿದ್ದ ಮೂವರು ಗಂಡಸರು, ಆ ಕಾರನ್ನು ದಿನಾ ಓಡಿಸುತ್ತಿದ್ದ ನನಗೆ ಒಂದು ಮಾತು ಹೇಳಲಿಲ್ಲ. ಎರಡು ವರ್ಷ ಆತು, ಇನ್ನೂ ಸಿಟ್ಟಾ ಎಂದು ಮನೆಯವರು, ನೆಂಟರು ಕೇಳುತ್ತಾರೆ. ಹೌದು, ಇನ್ನೂ ಸಿಟ್ಟೇ. ಹೇಗಾಯಿತೆಂದು ಹೇಳುತ್ತೇನೆ.

ನಮ್ಮ ಮನೆ ಹೊನ್ನಾವರದಲ್ಲಿ. ಯಜಮಾನರು ಅಲ್ಲೇ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ನಾನು ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುವವಳು. ಪಾರ್ಶ್ವವಾಯು ಹೊಡೆದವರು, ಮಂಡಿ ಆಪರೇಷನ್ ಆದವರು, ಬೋಟಿನಲ್ಲಿ ಜಾರಿ ಸೊಂಟ ಮುರಿದುಕೊಂಡವರು, ಇಂಥವರು ಕುಮಟಾದಿಂದ ಭಟ್ಕಳದವರೆಗೂ ಇದ್ದಾರೆ. ಆರು ವರ್ಷ ಸ್ಕೂಟಿಯಲ್ಲೇ ಓಡಾಡಿದೆ. ಮಳೆಗಾಲದಲ್ಲಿ ರೇನ್‌ಕೋಟು ಹಾಕಿಕೊಂಡು, ಹೆದ್ದಾರಿಯಲ್ಲಿ ಲಾರಿಗಳು ಎರಚುವ ಕೆಸರುನೀರು ಕುಡಿಯುತ್ತ, ಒದ್ದೆ ಬಟ್ಟೆಯಲ್ಲಿ ರೋಗಿಯ ಮನೆ ಹೊಕ್ಕು, ಮೊದಲು ಅವರ ಹತ್ತಿರವೇ ಟವೆಲ್ ಕೇಳುವುದು. ಒಂದು ಆಷಾಢದಲ್ಲಿ ಮುಟ್ಟಳ್ಳಿಯ ಗದ್ದೆ ಬದಿಯ ತಿರುವಿನಲ್ಲಿ ಸ್ಕೂಟಿ ಜಾರಿ ನಾನೇ ಮಂಡಿಗೆ ಪೆಟ್ಟು ಮಾಡಿಕೊಂಡೆ. ಕಾರು ಬೇಕೇ ಬೇಕು ಎಂದು ಆವತ್ತು ಗಟ್ಟಿ ಮಾಡಿದೆ.

ಆಗ ದೊಡ್ಡಪ್ಪನ ಮಗ ತನ್ನ ಕಾರನ್ನು ನನಗೆ ಮಾರುತ್ತೇನೆಂದ. ದೊಡ್ಡಪ್ಪ ತದಡಿ ಬಿಟ್ಟು ದೊಡ್ಡಮ್ಮನ ಊರಾದ, ಭಟ್ಕಳದ ಬಳಿಯ ತೆಂಗಿನಗುಂಡಿಯಲ್ಲಿ ನೆಲೆ ನಿಂತವನು. ಮಗ ಮೀನಿನ ವ್ಯಾಪಾರದಲ್ಲಿ ಚೆನ್ನಾಗಿ ಮೇಲೆ ಬಂದಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು. ರಜೆಗೆ ತದಡಿಗೆ ಬಂದಾಗ ನನ್ನ ಸೊಂಟದ ಮೇಲೇ ಇರುತ್ತಿದ್ದ ಮಗು.

ಕಾರು ನೋಡಲು ಚಂದವೇ ಇತ್ತು. ಬಿಳಿ ಬಣ್ಣ, ಕಪ್ಪು ರಿಮ್ಮು, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಾಗಿ ನಿಂತಿತ್ತು. ಅದೇ ಕಂಪನಿಯ ಬೇರೆ ಕಾರುಗಳು ಇಷ್ಟು ತಗ್ಗಿರುವುದಿಲ್ಲವಲ್ಲ ಎಂದು ಕೇಳಿದೆ.

"ಇದು ಸ್ಪೋರ್ಟ್ಸ್ ಮಾಡೆಲ್ ಅಕ್ಕ. ತಗ್ಗಿದ್ರೇ ರೋಡಿಗೆ ಕಚ್ಚಿ ಹೋಗುದು" ಎಂದ. "ನಿನಗೆ ಕೊಡುದು ಅಂತ ಹೊಸ ಟೈರೂ ಹಾಕ್ಸಿದೆ ನೋಡು. ಮುಂದಿನ ಎರಡೂ ಹೊಸತು."

ನಾನು ಟೈರಿನ ಮೇಲೆ ಕೈಯಾಡಿಸಿದೆ. ಹೊಸ ರಬ್ಬರಿನ ಸಣ್ಣ ಕೂದಲುಗಳು ಇನ್ನೂ ಉದುರಿರಲಿಲ್ಲ. ತಮ್ಮ ಎಷ್ಟು ಕಾಳಜಿ ಮಾಡಿದ್ದಾನೆ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಆ ಮಾತನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ರಸ್ತೆಯ ಪ್ರತಿ ಉಬ್ಬಿಗೂ ಕಾರಿನ ಹೊಟ್ಟೆ ಉಜ್ಜುತ್ತಿತ್ತು. ಸಣ್ಣ ಗುಂಡಿಗೂ ಹಲ್ಲು ಕಡಿದ ಹಾಗೆ ದಡ್ ಎನ್ನುತ್ತಿತ್ತು. ತಗ್ಗಿನ ಕಾರಲ್ಲವೇ, ಹೀಗೇ ಇರಬೇಕು ಅಂದುಕೊಂಡೆ. ವರ್ಷ ತುಂಬುವ ಹೊತ್ತಿಗೆ ಸ್ಟಿಯರಿಂಗ್ ಎಡಕ್ಕೆ ಎಳೆಯತೊಡಗಿತು. ಕುಮಟಾದಲ್ಲಿ ಟೈರು ಮಾರುವ, ಚಕ್ರಗಳನ್ನು ನೇರ ಕೂರಿಸುವ ಅಲೈನ್‌ಮೆಂಟೂ ಮಾಡುವ ಒಂದು ಅಂಗಡಿಗೆ ಒಯ್ದೆ. ಅಲ್ಲಿ ಮುಂದಿನ ಟೈರು ಬಿಚ್ಚಿ ನೆಲಕ್ಕೆ ಹಾಕಿದಾಗ ನೋಡಿದೆ. ಹೊರಬದಿಯಲ್ಲಿ ಗೆರೆಗಳು ಆಳವಾಗಿ ಚೆನ್ನಾಗಿದ್ದವು. ಒಳಬದಿಯಲ್ಲಿ ಮೂರು ಬೆರಳು ಅಗಲಕ್ಕೆ ಗೆರೆಯೇ ಇಲ್ಲ, ಬೋಳು. ಎರಡೂ ಟೈರೂ ಹಾಗೇ.

ನನಗೆ ಇದು ಹೊಸದಲ್ಲ. ರೋಗಿಯ ಮನೆಗೆ ಹೋದರೆ ನಾನು ಮೊದಲು ನೋಡುವುದು ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು. ಅಡಿಭಾಗ ಯಾವ ಅಂಚಿನಲ್ಲಿ ಸವೆದಿದೆ ಎಂದು ನೋಡಿದರೆ ಆ ಮನುಷ್ಯ ಯಾವ ಕಡೆ ವಾಲಿ ನಡೆಯುತ್ತಾನೆ ಎಂದು ಗೊತ್ತಾಗುತ್ತದೆ. ಅಂಗಡಿಯವನಿಗೆ ಹೇಳಿದೆ, "ಒಳಬದಿ ಮಾತ್ರ ಸವೆದದ್ದೆಂತಕ್ಕೆ? ಚಕ್ರ ವಾಲಿ ನಿಂತಿರ್ಬೇಕಲ್ಲ."

"ಲೇಡೀಸ್ ಡ್ರೈವಿಂಗ್ ಅಲ್ವಾ ಮೇಡಂ, ಡಿವೈಡರಿಗೆ ಉಜ್ಜಿರ್ತದೆ" ಎಂದು ನಕ್ಕ.

"ಡಿವೈಡರಿಗೆ ಉಜ್ಜಿದ್ರೆ ಹೊರಬದಿ ಸವೆಯುದು. ಒಳಬದಿ ಹೇಗೆ ಉಜ್ತದೆ?"

ಅವನು ಕಂಪ್ಯೂಟರಿನ ಮುಂದೆ ಹೋಗಿ ನಿಂತ. ಹೊಸ ಟೈರು ಹಾಕಿ, ಚಕ್ರಗಳಿಗೆ ಹಲಗೆಯಂಥ ಸಲಕರಣೆ ಸಿಕ್ಕಿಸಿ, ಕಾರಿನ ಅಡಿ ಇಳಿದು ಏನೋ ತಿರುಗಿಸಿ ಮೇಲೆ ಬಂದ. ಬಣ್ಣದ ಕಾಗದವೊಂದು ಮೆಷಿನಿನಿಂದ ಬಂತು. ಸಾಲು ಸಾಲು ಅಂಕಿಗಳು, ಎಲ್ಲ ಹಸಿರು. ಮೇಲೆ ಎರಡು ಮಾತ್ರ ಕೆಂಪು.

"ಈ ಕೆಂಪು ಎಂತದು?"

"ಅದು ಕ್ಯಾಂಬರ್. ಈ ಗಾಡಿಗೆ ಅದು ಅಡ್ಜಸ್ಟ್ ಆಗುದಿಲ್ಲ. ತಲೆ ಕೆಡಿಸ್ಕೊಳ್ಬೇಡಿ. ಟೋ ಸರಿ ಮಾಡಿದ್ದೇನೆ."

"ಅಂದ್ರೆ ಎಂತ? ಯಾಕೆ ಕೆಂಪಾಯ್ತು?"

ಅವನು ನನ್ನ ಮುಖ ನೋಡಿ, "ಸರ್ ನಂಬರ್ ಕೊಡಿ ಮೇಡಂ, ಅವರಿಗೆ ಹೇಳ್ತೇನೆ. ನಿಮಗೆ ಅರ್ಥ ಆಗುದಿಲ್ಲ" ಎಂದ.

ಕೊಡಬಾರದಿತ್ತು. ಮುಂದಿನ ರೋಗಿಗೆ ಹೊತ್ತಾಗುತ್ತಿತ್ತು, ಕೊಟ್ಟೆ. ಅವನು ಫೋನು ಹಿಡಿದು ಕಂಪ್ರೆಸರಿನ ಆಚೆ ಹೋಗಿ ಐದು ನಿಮಿಷ ಮಾತಾಡಿದ. ಆ ಸದ್ದಿನಲ್ಲಿ ನನಗೊಂದೂ ಕೇಳಲಿಲ್ಲ. ಸಂಜೆ ಮನೆಯಲ್ಲಿ ಕೇಳಿದೆ, ಎಂತ ಹೇಳಿದ ಅವ ಎಂದು. ಯಜಮಾನರು ಪೇಪರು ತಿದ್ದುತ್ತ ಕೂತಿದ್ದರು.

"ಎಂತ ಇಲ್ಲ. ಆ ಗಾಡಿ ಇರುದೇ ಹಾಗಂತೆ. ಮೂರು ತಿಂಗಳಿಗೊಮ್ಮೆ ಅಲೈನ್‌ಮೆಂಟ್ ಮಾಡಿಸ್ತಾ ಇರು" ಎಂದರು.

ಹೇಳಿದ ಹಾಗೆ ಮಾಡಿದೆ. ತಪ್ಪದೆ ಹೋದೆ. ಪ್ರತಿ ಸಲವೂ ಹಸಿರಿನ ಮಧ್ಯೆ ಆ ಎರಡು ಕೆಂಪು. ಕೊನೆಕೊನೆಗೆ ನಾನೂ ಕೇಳುವುದು ಬಿಟ್ಟೆ. ಟೈರು ನೋಡುತ್ತಿದ್ದೆ, ಆದರೆ ನಿಂತು ನೋಡುತ್ತಿದ್ದೆ. ಆ ಕಾರು ಅಷ್ಟು ತಗ್ಗು, ಟೈರಿನ ಮೇಲ್ಭಾಗ ತಗಡಿನೊಳಗೇ. ನಿಂತವರಿಗೆ ಕಾಣುವುದು ಹೊರಬದಿ ಮಾತ್ರ. ಊರವರ ಚಪ್ಪಲಿ ಮಗುಚಿ ನೋಡುವ ನಾನು ನನ್ನದೇ ಕಾರಿನ ಬದಿಯಲ್ಲಿ ಒಮ್ಮೆ ನೆಲಕ್ಕೆ ಮಲಗಿ ಕೈಹಾಕಿ ನೋಡಲಿಲ್ಲ. ಈ ಸಿಟ್ಟಿನಲ್ಲಿ ನನ್ನ ಪಾಲೂ ಇದೆ, ಅದನ್ನು ಬಚ್ಚಿಡುವುದಿಲ್ಲ.

ಎರಡನೇ ಜೋಡಿ ಟೈರು ಹಾಕಿ ಎಂಟು ತಿಂಗಳಾಗಿತ್ತು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಹೊನ್ನಾವರದಲ್ಲಿ ಡಾಕ್ಟರಿಗೆ ತೋರಿಸಬೇಕೆಂದು ಬೆಳಿಗ್ಗೆ ತದಡಿಗೆ ಹೋಗಿ ಅವನನ್ನು ಕರೆದುಕೊಂಡು ಹೊರಟೆ. ಜುಲೈ ತಿಂಗಳು. ಕುಮಟಾ ದಾಟುವಾಗ ಮಳೆ ಸ್ವಲ್ಪ ಕಡಿಮೆಯಾಗಿತ್ತು. ಅಪ್ಪ ಮುಂದಿನ ಸೀಟಿನಲ್ಲಿ ಕೂತು, ಬಂದರಿನಲ್ಲಿ ರಿಪೇರಿಗೆ ಮೇಲೆಳೆದಿದ್ದ ಒಂದು ದೋಣಿಯ ಮಾತಾಡುತ್ತಿದ್ದ. ಅದರ ಅಡಿಮರ ಇನ್ನೂ ಗಟ್ಟಿ ಇದೆ, ಎರಡು ಹಲಗೆ ಬದಲಿಸಿದರೆ ಹತ್ತು ವರ್ಷ ತೊಂದರೆ ಇಲ್ಲ, ಮಾಲಕ ಸುಮ್ಮನೆ ಫೈಬರು ಫೈಬರು ಎನ್ನುತ್ತಾನೆ, ಹೀಗೆ.

ಕಾಲುಗಂಟೆ ಕಳೆದಿರಬಹುದು. ಮುಂದೆ ಎಡಬದಿಯಲ್ಲಿ ಗುಂಡು ಹಾರಿಸಿದ ಹಾಗೆ ಸದ್ದಾಯಿತು. ಸ್ಟಿಯರಿಂಗ್ ನನ್ನ ಕೈಯಿಂದ ಕಿತ್ತುಕೊಂಡು ಎಡಕ್ಕೆ ಹೋಯಿತು. ನಾನು ಬಲಕ್ಕೆ ಎಳೆದೆ, ಬ್ರೇಕು ಒತ್ತಿದೆ. ಒದ್ದೆ ರಸ್ತೆಯಲ್ಲಿ ಕಾರು ನನ್ನ ಮಾತು ಕೇಳಲೇ ಇಲ್ಲ. ಜಾರಿಕೊಂಡು ಹೋಗಿ ಚರಂಡಿಯ ಕಾಂಕ್ರೀಟು ಅಂಚಿಗೆ ಎಡಮೂಲೆಯಲ್ಲಿ ಬಡಿದು ನಿಂತಿತು. ಬಡಿಯುವ ಮೊದಲು ಅಪ್ಪ ಬಲಗೈ ಮುಂದೆ ಚಾಚಿದ್ದ. ಬೆಲ್ಟು ಹಾಕಿದ್ದ, ತಲೆಗೆ ಏನೂ ಆಗಲಿಲ್ಲ. ಆದರೆ ಪೂರ್ತಿ ಮೈಭಾರ ಆ ಕೈಯ ಮೇಲೆ ಬಿತ್ತು.

"ನಿನಗೆ ಎಂತ ಆಗ್ಲಿಲ್ಲ ಅಲ್ಲ ಮಗಾ?" ಎಂದು ಕೇಳಿದ. ಅವನ ಮಣಿಕಟ್ಟು ಚಮಚದ ಹಿಡಿಯ ಹಾಗೆ ಬಾಗಿತ್ತು. ಅಂಥ ಮಣಿಕಟ್ಟುಗಳನ್ನು ನಾನು ನೂರಾರು ನೋಡಿದ್ದೇನೆ. ಎಷ್ಟು ಚೂರಾಗಿದೆ ಎಂದು ನೋಡಿದ ಕೂಡಲೇ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯಲ್ಲಿ ಪ್ಲೇಟು ಹಾಕಿ ಆಪರೇಷನ್ ಮಾಡಿದರು. ಮರುದಿನ ತೆಂಗಿನಗುಂಡಿಯವರೆಲ್ಲ ಬಂದರು. ದೊಡ್ಡಪ್ಪನ ಮಗ ಸೇಬು, ಎಳನೀರು ಹಿಡಿದು ಬಂದು ಅಪ್ಪನ ಕಾಲ ಬಳಿ ಕೂತ. ಅಲ್ಲಿದ್ದ ನೆಂಟರಿಗೆಲ್ಲ ಕೇಳುವ ಹಾಗೆ ಹೇಳಿದ, "ಅಕ್ಕನಿಗೆ ಸ್ಪೀಡ್ ಜಾಸ್ತಿ. ದಿನಕ್ಕೆ ನಾಲ್ಕೈದು ಮನೆ ಮುಗಿಸ್ಬೇಕಲ್ಲ, ಅರ್ಜೆಂಟು. ಮಳೆಯಲ್ಲಿ ನಿಧಾನ ಹೋಗು ಅಂದ್ರೆ ಕೇಳುದಿಲ್ಲ."

"ನಾನು ಐವತ್ತರಲ್ಲಿದ್ದೆ" ಎಂದೆ.

"ಹಾಗೆ ಅನ್ಸ್ತದೆ ಅಕ್ಕ" ಎಂದ.

ನೆಂಟರು ತಲೆಯಾಡಿಸಿದರು. ನಮ್ಮ ಯಜಮಾನರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮಾತಾಡಿದವನು ಅಪ್ಪ ಒಬ್ಬನೇ. "ನಾ ಬದಿಗೇ ಕೂತಿದ್ದೆ. ಅವಳು ನಿಧಾನವೇ ಇದ್ದಳು" ಎಂದ. ಅರಿವಳಿಕೆಯ ಮಂಪರಿನಲ್ಲಿದ್ದಾನೆ ಎಂದು ಯಾರೂ ಆ ಮಾತನ್ನು ಲೆಕ್ಕಕ್ಕೆ ಇಡಲಿಲ್ಲ.

ವಾರ ಕಳೆದು ಅಪ್ಪ ನಮ್ಮ ಮನೆಗೆ ಬಂದ. ಕಾರನ್ನು ಹೊನ್ನಾವರದ ಒಬ್ಬ ಹಳೇ ಮಿಸ್ತ್ರಿಯ ಗ್ಯಾರೇಜಿನಲ್ಲಿ ಇಟ್ಟಿದ್ದರು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದು ಅಪ್ಪ ಹಟ ಹಿಡಿದ. ರಿಕ್ಷಾದಲ್ಲಿ ಹೋದೆವು. ಒಡೆದ ಟೈರು ಗೋಡೆಗೆ ಒರಗಿಸಿಟ್ಟಿತ್ತು. ಹೊರಬದಿ ಹೆಚ್ಚುಕಡಿಮೆ ಹೊಸದರ ಹಾಗೇ. ಮಗುಚಿದರೆ ಒಳಅಂಚಿನಲ್ಲಿ ರಬ್ಬರು ಮುಗಿದು ತಂತಿ ಹೊರಬಂದಿತ್ತು, ಮಳೆನೀರಿಗೆ ತುಕ್ಕು ಹಿಡಿದ ತಂತಿ. ಅಲ್ಲೇ ಸೀಳಿತ್ತು. ಬಲಬದಿಯ ಟೈರು ಇನ್ನೂ ಕಾರಿನಲ್ಲೇ ಇತ್ತು. ನಾನು ಈ ಸಲ ನೆಲಕ್ಕೆ ಮಲಗಿ ಕೈಹಾಕಿದೆ. ಬೆರಳಿಗೆ ತಂತಿ ಚುಚ್ಚಿತು.

ಅಪ್ಪ ಕಾರಿನ ಎದುರು ನಿಂತು, ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ, ದೋಣಿಯ ಮೂತಿ ನೋಡುವ ಹಾಗೆ ನೋಡುತ್ತಿದ್ದ. "ಆ ಬಲದ ಚಕ್ರ ನೆಟ್ಟಗಿಲ್ಲ. ಒಂದು ದಾರ, ಭಾರ ಎಂತಾದ್ರೂ ಕೊಡು" ಎಂದ.

ಮಿಸ್ತ್ರಿ ನಗುತ್ತಲೇ ಒಂದು ದಾರಕ್ಕೆ ನಟ್ಟು ಕಟ್ಟಿ ಕೊಟ್ಟ. ಚಕ್ರದ ಮೇಲಿನ ತಗಡಿನಿಂದ ಅದನ್ನು ನಾನು ಇಳಿಬಿಟ್ಟೆ. ದಾರ ಅಲುಗಾಟ ನಿಲ್ಲಿಸಿದ ಮೇಲೆ ಅಪ್ಪ ಎಡಗೈ ಬೆರಳಿಟ್ಟು ಅಳೆದ. ಕೆಳಗೆ ರಿಮ್ಮಿನ ಅಂಚಿಗೂ ದಾರಕ್ಕೂ ಎರಡು ಬೆರಳು ಅಂತರ. ಮೇಲಿನ ಅಂಚಿನಲ್ಲಿ ಮೂರು. ಚಕ್ರದ ತಲೆ ಒಳಗೆ ವಾಲಿತ್ತು. ಇದು ಚರಂಡಿಗೆ ಬಡಿದ ಚಕ್ರವಲ್ಲ, ಬಡಿಯದೇ ಉಳಿದ ಚಕ್ರ.

ಮಿಸ್ತ್ರಿಯ ನಗು ನಿಂತಿತು. ಜ್ಯಾಕ್ ತಂದು ಕಾರು ಎತ್ತಿ, ಚಕ್ರ ಕಳಚಿ, ಟಾರ್ಚು ಬಿಟ್ಟು ನೋಡಿ ನನ್ನನ್ನು ಕರೆದ. "ತಂಗಿ, ಇಲ್ಲಿ ನೋಡು."

ಚಕ್ರದ ಹಿಂದೆ ನಿಂತ ದಪ್ಪ ಸ್ಪ್ರಿಂಗಿನ ಮೇಲಿನ ತುದಿ ಉರುಟಾಗಿ ಮುಗಿದಿತ್ತು, ಬಣ್ಣವೂ ಇತ್ತು. ಕೆಳಗಿನ ತುದಿ ಚೂಪಾಗಿ, ಓರೆಯಾಗಿ, ಬಣ್ಣವಿಲ್ಲದೆ ತುಕ್ಕು ತಿಂದಿತ್ತು.

"ಗ್ರೈಂಡರಿನಲ್ಲಿ ಕೊಯ್ದದ್ದು" ಎಂದ ಮಿಸ್ತ್ರಿ. "ಒಂದೂವರೆ ಸುತ್ತು ಹೋಗಿದೆ. ಗಾಡಿ ತಗ್ಗಿ ಕೂರ್ಲಿ, ಚಂದ ಕಾಣ್ಲಿ ಅಂತ ಮಾಡ್ಸುದು. ಗಾಡಿ ಕೂತ್ರೆ ಚಕ್ರದ ತಲೆ ಒಳಗೆ ಬತ್ತದೆ, ಕ್ಯಾಂಬರ್ ತಪ್ಪುದು ಅಂದ್ರೆ ಅದೇ. ಭಾರ ಎಲ್ಲ ಒಳಅಂಚಿಗೆ. ಅದರ ಮೇಲೆ ಗುಂಡಿಗೆ ಬಿದ್ದ ಹಾಗೆಲ್ಲ ಟೋ, ಅಂದ್ರೆ ಚಕ್ರದ ಮೂತಿ ನೋಡುವ ದಿಕ್ಕು, ಅದೂ ತಪ್ತದೆ. ಎರಡೂ ಸೇರಿ ಟೈರು ತಿಂದದ್ದು. ಅಲೈನ್‌ಮೆಂಟಿನವ ಟೋ ಸರಿ ಮಾಡ್ಬಹುದು, ಕೊಯ್ದ ಸ್ಪ್ರಿಂಗಿಗೆ ಎಂತ ಮಾಡ್ತಾನೆ?"

"ಅವನಿಗೆ ಗೊತ್ತಾಗುದಿಲ್ವಾ?"

"ಗಾಡಿಯ ಅಡಿ ಇಳಿದವನಿಗೆ ಗೊತ್ತಾಗದೆ ಇರುದಿಲ್ಲ" ಎಂದ.

ಅಪ್ಪ ಅಲ್ಲಿದ್ದ ಒಂದು ಹಳೇ ಟೈರಿನ ಮೇಲೆ ಕೂತ. ಆಮೇಲೆ, "ತೇಲುವ ಮಟ್ಟ ತಪ್ಪಿದ ದೋಣಿ ನಾ ಯಾರಿಗೂ ಕೊಡ್ಲಿಲ್ಲ. ಮಾರ್ಲೂ ಇಲ್ಲ" ಎಂದಷ್ಟೇ ಹೇಳಿದ.

ಮಿಸ್ತ್ರಿ ಕಂಪನಿಯ ಹೊಸ ಸ್ಪ್ರಿಂಗು ತರಿಸಿ ಹಾಕಿದ. ಕಾರು ಎದ್ದು ನಿಂತಿತು. ಅದರ ನಿಜವಾದ ಎತ್ತರ ನಾನು ನೋಡಿದ್ದು ಆವತ್ತೇ. ಕೊಯ್ದ ಸ್ಪ್ರಿಂಗುಗಳಲ್ಲಿ ಒಂದನ್ನು ಗೋಣಿಚೀಲದಲ್ಲಿ ಸುತ್ತಿ, ಮಿಸ್ತ್ರಿ ಹಾಕಿಕೊಟ್ಟ ಟೈರುಗಳಲ್ಲೇ ನೇರ ತೆಂಗಿನಗುಂಡಿಗೆ ಹೋದೆ. ಭಟ್ಕಳ ಮುಟ್ಟುವವರೆಗೂ ಏನು ಹೇಳಬೇಕೆಂದು ಮಾತು ಜೋಡಿಸುತ್ತಿದ್ದೆ. ಅಂಗಳಕ್ಕೆ ಇಳಿದಾಗ ಒಂದೂ ನೆನಪಿಗೆ ಬರಲಿಲ್ಲ.

ಅವನು ಜಗಲಿಯಲ್ಲಿ ಮೊಬೈಲು ನೋಡುತ್ತ ಕೂತಿದ್ದ. ಸ್ಪ್ರಿಂಗನ್ನು ಅವನ ಕಾಲ ಬಳಿ ಇಟ್ಟೆ.

"ಇದು ನಿನ್ನ ಸ್ಪೋರ್ಟ್ಸ್ ಮಾಡೆಲ್" ಎಂದೆ.

ನೋಡಿದ. ಗುರುತು ಸಿಕ್ಕಿತೆಂದು ಮುಖದಲ್ಲೇ ಕಂಡಿತು. "ಎಲ್ಲರೂ ಮಾಡಿಸ್ತಾರೆ ಅಕ್ಕ. ಭಟ್ಕಳದಲ್ಲಿ, ಕುಮಟಾದಲ್ಲಿ ಎಷ್ಟು ಗಾಡಿ ಹಾಗೇ ಇದ್ದಾವೆ. ಯಾರಿಗೂ ಎಂತ ಆಗ್ಲಿಲ್ಲ."

"ಮಾಡಿಸಿಕೊಂಡವರಿಗೆ ಗೊತ್ತಿರ್ತದೆ. ನನಗೆ ಹೇಳಿದ್ಯಾ ನೀನು?"

"ನೀನು ಕೇಳ್ಲಿಲ್ಲ."

"ಕೇಳಿದ್ದೆ. ತಗ್ಗಿದ್ದು ಎಂತಕ್ಕೆ ಅಂತ ಇದೇ ಅಂಗಳದಲ್ಲಿ ಕೇಳಿದ್ದೆ. ಹೊಸ ಟೈರು ಎಂತಕ್ಕೆ ಹಾಕ್ಸಿ ಕೊಟ್ಟೆ?"

ಅವನು ಮೊಬೈಲು ಜೇಬಿಗೆ ಹಾಕಿದ. ನಾನು ಮತ್ತೆ ಅದನ್ನೇ ಕೇಳಿದೆ. ಮೂರನೇ ಸಲ ಕೇಳಿದಾಗ, "ಹಳೆದು ಒಳಬದಿ ಹೋಗಿತ್ತು" ಎಂದು ನೆಲ ನೋಡುತ್ತ ಹೇಳಿದ. "ವರ್ಷಕ್ಕೊಂದು ಜೋಡಿ ತಿಂತಿತ್ತು ಅಕ್ಕ. ಅದಕ್ಕೇ ಮಾರಿದ್ದು."

ಕೊಯ್ಸಿದ್ದು ಹುಡುಗಾಟ ಎಂದಾದರೂ ಅನ್ನಬಹುದಿತ್ತು. ಸವೆದದ್ದನ್ನು ಕಣ್ಣಾರೆ ನೋಡಿ, ಅದು ಕಾಣದ ಹಾಗೆ ಮುಚ್ಚಿ, ಅದನ್ನೇ ಉಪಕಾರ ಎಂದು ನನ್ನ ಕೈಗೆ ಕೊಟ್ಟಿದ್ದ. ಆಮೇಲೆ ಆಸ್ಪತ್ರೆಯಲ್ಲಿ ಅಪ್ಪನ ಕಾಲ ಬಳಿ ಕೂತು ತಪ್ಪು ನನ್ನ ಮೇಲೆ ಹಾಕಿದ್ದ.

ದೊಡ್ಡಮ್ಮ ಒಳಗಿನಿಂದ ಚಾ ತಂದಳು. "ಆದದ್ದು ಆತು. ಮನೆ ಹುಡುಗ ಅಲ್ವಾ, ಬುದ್ಧಿ ಇಲ್ಲ. ಕುಡಿ ಮೊದ್ಲು" ಎಂದಳು.

"ದೊಡ್ಡಮ್ಮ, ಅಪ್ಪ ಇನ್ನು ದೋಣಿ ಕಟ್ಟುದಿಲ್ಲ" ಎಂದೆ. ಲೋಟ ಮುಟ್ಟಲಿಲ್ಲ. ಆ ಮನೆಯಲ್ಲಿ ಚಾ ಕುಡಿಯದೆ ಎದ್ದು ಬಂದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಎರಡು ದಿನ ಬಿಟ್ಟು ಕುಮಟಾದ ಅಂಗಡಿಗೆ ಹೋದೆ. ಅಲೈನ್‌ಮೆಂಟು ಬೇರೆ ಎಲ್ಲಾದರೂ ಮಾಡಿಸಬಹುದಿತ್ತು, ಬೇಕೆಂದೇ ಅಲ್ಲಿಗೆ ಹೋದೆ. ಅವನು ಎಂದಿನ ಹಾಗೆ ಸಲಕರಣೆ ಸಿಕ್ಕಿಸಿದ. ಕಾಗದ ಬಂತು. ಮೇಲಿನ ಎರಡು ಅಂಕಿಗಳೂ ಹಸಿರು.

"ಈಗ ಹೇಗೆ ಅಡ್ಜಸ್ಟ್ ಆಯ್ತು?" ಎಂದು ಕೇಳಿದೆ.

"ಸ್ಪ್ರಿಂಗ್ ಬದಲಿಸಿದ್ರಲ್ಲ" ಎಂದ. ಹೇಳಿದ ಮೇಲೆ ತಾನು ಏನು ಒಪ್ಪಿಕೊಂಡೆ ಎಂದು ಅವನಿಗೆ ಗೊತ್ತಾಯಿತು.

ಹಳೆಯ ಕಾಗದಗಳನ್ನೆಲ್ಲ ಅವನ ಮೇಜಿನ ಮೇಲೆ ಹರಡಿದೆ. "ಕೊಯ್ದದ್ದು ನಿಮಗೆ ಮೊದಲ ದಿನವೇ ಗೊತ್ತಿತ್ತು. ನನ್ನಪ್ಪನ ಕೈ ಮುರಿದಿದೆ. ಒಂದು ಮಾತು ಹೇಳಿದ್ದರೆ ನಾನು ಆವತ್ತೇ ಬದಲಿಸ್ತಿದ್ದೆ."

ಅವನು ನಗಲಿಲ್ಲ. ತಡವರಿಸಿದ. "ಮೇಡಂ, ಹಾಗೆ ಮಾಡಿಸಿಕೊಂಡವರಿಗೆ ಅದು ಸರಿ ಅಲ್ಲ ಅಂದ್ರೆ ಸಿಟ್ಟು ಬತ್ತದೆ, ಮತ್ತೆ ಈ ಕಡೆ ಬರುದಿಲ್ಲ. ಅದಕ್ಕೆ ನಾವು ಹೇಳುದಿಲ್ಲ. ಆದ್ರೆ ನಿಮ್ಮದು ನಾನು ಹೇಳಿದ್ದೆ."

"ಯಾರಿಗೆ?"

"ಸರ್‌ಗೆ. ಫೋನಲ್ಲಿ. ಸ್ಪ್ರಿಂಗ್ ಕೊಯ್ದಿದೆ, ಬದಲಿಸ್ಬೇಕು, ಇಲ್ಲದಿದ್ರೆ ಟೈರು ಒಳಬದಿ ಹೋಗ್ತದೆ, ಡೇಂಜರು ಅಂತ ಬಿಡಿಸಿ ಹೇಳಿದ್ದೇನೆ. ಮನೆಯಲ್ಲಿ ಮಾತಾಡಿ ಹೇಳ್ತೇನೆ ಅಂದಿದ್ರು."

ಅಲ್ಲಿಂದ ಹೊನ್ನಾವರದವರೆಗೆ ಕಾರು ಹೇಗೆ ಓಡಿಸಿಕೊಂಡು ಬಂದೆ ಎಂದು ನೆನಪಿಲ್ಲ. ಆಸ್ಪತ್ರೆಯಲ್ಲಿ ಯಜಮಾನರು ಕಿಟಕಿಯ ಹೊರಗೆ ನೋಡುತ್ತ ನಿಂತದ್ದು ಮಾತ್ರ ಕಣ್ಣಿಗೆ ಕಟ್ಟಿತ್ತು. ಅಪಘಾತವಾದ ರಾತ್ರಿ ಅವರೇ ನನ್ನನ್ನು ಕೇಳಿದ್ದರು, ನಿಜ ಹೇಳು, ಎಷ್ಟು ಸ್ಪೀಡಲ್ಲಿದ್ದೆ ಎಂದು.

ಅವರು ಶಾಲೆಯಿಂದ ಬರುವವರೆಗೆ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದೆ. ಬಂದು ಚೀಲ ಇಟ್ಟ ಕೂಡಲೇ ಕೇಳಿದೆ, "ಕುಮಟಾದವ ಫೋನಲ್ಲಿ ಎಂತ ಹೇಳಿದ್ದ ಆವತ್ತು?"

ಅವರು ಕುರ್ಚಿ ಎಳೆದು ಕೂತರು. ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಸರಿ. "ಕೊಯ್ದಿದ್ದಾರೆ ಅಂದ" ಎಂದರು.

"ನನಗೆ ಎಂತಕ್ಕೆ ಹೇಳ್ಲಿಲ್ಲ?"

"ನಿನಗೆ ಹೇಳಿದ್ರೆ ನೀನು ಆವತ್ತೇ ತೆಂಗಿನಗುಂಡಿಗೆ ಹೋಗಿ ಜಗಳ ಮಾಡ್ತಿದ್ದೆ. ನಿಮ್ಮ ಮನೆಯವರು, ನಾನು ಅಳಿಯ. ನನ್ನಿಂದ ಆಯ್ತು ಅಂತಾಗ್ತಿತ್ತು. ಬರೇ ಟೈರು ಸವೆತದೆ ಅಷ್ಟೇ ಅಲ್ವಾ, ಸವೆದ್ರೆ ಬದಲಿಸಿದ್ರಾಯ್ತು ಅಂದ್ಕೊಂಡೆ."

"ನೀವು ಆ ಕಾರಿನಲ್ಲಿ ಎಷ್ಟು ಸಲ ಕೂತಿದ್ದೀರಿ?"

ಅವರ ಶಾಲೆ ಮನೆಯ ಹತ್ತಿರವೇ, ನಡೆದು ಹೋಗುತ್ತಾರೆ. ದೂರದ ಊರಿಗೆಲ್ಲ ಬಸ್ಸೇ ಆರಾಮು ಎನ್ನುತ್ತಿದ್ದರು. ಆ ಕಾರಿನಲ್ಲಿ ದಿನಕ್ಕೆ ನೂರು ಕಿಲೋಮೀಟರು ಓಡಾಡುತ್ತಿದ್ದವಳು ನಾನು. ಮಳೆಯಲ್ಲಿ, ಲಾರಿಗಳ ನಡುವೆ, ತಂತಿ ಹೊರಬಂದ ಟೈರಿನ ಮೇಲೆ. ಅದನ್ನು ಹೇಳಿದೆ. ಇನ್ನೂ ಬೇಕಾದಷ್ಟು ಹೇಳಿದೆ. ಮದುವೆಯಾದ ಹದಿನಾರು ವರ್ಷದಲ್ಲಿ ನಾನು ಅವರಿಗೆ ಅಷ್ಟು ದೊಡ್ಡ ಸ್ವರದಲ್ಲಿ ಮಾತಾಡಿದ್ದು ಅದೊಂದೇ ಸಲ. ಒಳಕೋಣೆಯಲ್ಲಿದ್ದ ಅಪ್ಪನಿಗೆ ಎಲ್ಲ ಕೇಳಿಸಿತು.

ಅಪ್ಪ ಬೆಳಿಗ್ಗೆ ಎದ್ದು ತದಡಿಗೆ ಹೋಗುತ್ತೇನೆಂದ. ತಡೆದರೂ ಕೇಳಲಿಲ್ಲ. ಬಾಗಿಲಲ್ಲಿ ಯಜಮಾನರು ಅವನ ಚೀಲ ತೆಗೆದುಕೊಳ್ಳಲು ಕೈಚಾಚಿದರು. ಅಪ್ಪ ಕೊಡಲಿಲ್ಲ, ಎಡಗೈಯಲ್ಲಿ ತಾನೇ ಹಿಡಿದುಕೊಂಡ. ಅಳಿಯನಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ನನ್ನ ಗಂಡ ಆವತ್ತು ಶಾಲೆಗೆ ಹೋಗದೆ ಜಗಲಿಯಲ್ಲೇ ಕೂತಿದ್ದರು. ನನಗೆ ಅಯ್ಯೋ ಅನಿಸಲಿಲ್ಲ.

ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಊಟ ಆಯ್ತಾ, ಕೀಲಿ ಎಲ್ಲಿ, ಇಷ್ಟೇ ಮಾತು. ವಾರಕ್ಕೆ ಮೂರು ದಿನ ತದಡಿಗೆ ಹೋಗಿ ಅಪ್ಪನ ಕೈಗೆ ವ್ಯಾಯಾಮ ಮಾಡಿಸಿ ಬರುತ್ತಿದ್ದೆ. ಆ ಕಡೆ ತೆಂಗಿನಗುಂಡಿಯಿಂದ ಸುದ್ದಿ ಬರುತ್ತಲೇ ಇತ್ತು. ಅವಳೇ ಓಡಿಸಿ ಹಾಳು ಮಾಡಿ ಈಗ ತಮ್ಮನ ಮೇಲೆ ಹಾಕುತ್ತಾಳೆ ಎಂದು ಅಲ್ಲಿ ಮಾತು. ಕುಟುಂಬದ ಒಂದು ಮದುವೆಯಲ್ಲಿ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸಿದರು.

ಡಿಸೆಂಬರಿನ ಒಂದು ಭಾನುವಾರ ದೊಡ್ಡಮ್ಮನ ಫೋನು ಬಂತು. ಅಳುತ್ತಿದ್ದಳು. "ನಿನ್ನ ಗಂಡ ಬಂದಿದ್ರು. ನಿನ್ನ ದೊಡ್ಡಪ್ಪ, ನಿಮ್ಮ ಸೋದರಮಾವ ಎಲ್ಲ ಇರುವಾಗ ಹೇಳಿ ಹೋದ್ರು. ಸ್ಪ್ರಿಂಗು ಕೊಯ್ದದ್ದು ಇವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ನಾವಿಬ್ಬರೂ ಅವಳಿಗೆ ಹೇಳ್ಲಿಲ್ಲ, ಮಾವನ ಕೈ ಹೋದದ್ದು ನಮ್ಮಿಂದ, ಅವಳ ಮೇಲೆ ಯಾರೂ ಮಾತಾಡ್ಬೇಡಿ ಅಂತ. ಇವನನ್ನೂ ಎದ್ದು ನಿಲ್ಸಿ ಹೌದಾ ಅಲ್ವಾ ಕೇಳಿದ್ರು. ಹೌದು ಅಂದ."

ಬಸ್ಸಿನಲ್ಲಿ ಹೋಗಿದ್ದರಂತೆ. ಅಲ್ಲಿಂದ ಎರಡು ಬಸ್ಸು ಬದಲಿಸಿ ತದಡಿಗೂ ಹೋಗಿ ಬಂದಿದ್ದರು. ಅಪ್ಪನ ಹತ್ತಿರ ಏನು ಹೇಳಿದರೋ ಇಬ್ಬರೂ ನನಗೆ ಹೇಳಿಲ್ಲ. ಸಂಜೆ ಮನೆಗೆ ಬಂದವರು ತಾವಾಗಿ ಬಾಯಿಬಿಡಲಿಲ್ಲ. ನಾನೇ, ದೊಡ್ಡಮ್ಮ ಫೋನು ಮಾಡಿದ್ದಳು ಎಂದೆ. "ಹೂಂ" ಎಂದರು. ಅನ್ನ ಬಡಿಸಿದೆ. ಬಂಗಡೆಯ ಸಾರಿತ್ತು. ಎದುರು ನಾನೂ ತಟ್ಟೆ ಇಟ್ಟುಕೊಂಡು ಕೂತೆ, ನಾಲ್ಕು ತಿಂಗಳ ಮೇಲೆ.

ಅವರು ಹೋಗಿ ಹೇಳಿದ್ದು ದೊಡ್ಡ ಕೆಲಸವೇ. ಅಳಿಯನಾದವನು ಹೆಂಡತಿಯ ಕಡೆಯ ಹಿರಿಯರ ಮುಂದೆ ತನ್ನ ತಪ್ಪು ಹೇಳುವುದು ನಮ್ಮಲ್ಲಿ ಎಲ್ಲೂ ಇಲ್ಲ. ಅದನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಅದರಿಂದ ಸಿಟ್ಟು ಹೋಯಿತೇ ಎಂದರೆ, ಇಲ್ಲ. ನೆಂಟರ ಬಾಯಿ ಮುಚ್ಚಿತು, ಅಷ್ಟೇ. ನನಗೆ ಗೊತ್ತಾಗಬೇಕಾದ ಮಾತನ್ನು ನನ್ನ ತಲೆಯ ಮೇಲಿಂದ ದಾಟಿಸಿ ಇನ್ನೊಬ್ಬರಿಗೆ ಕೊಟ್ಟರು. ಆ ಇನ್ನೊಬ್ಬರು ಅದನ್ನು ನನ್ನ ಒಳ್ಳೆಯದಕ್ಕೆಂದು ಜೇಬಿನಲ್ಲಿ ಇಟ್ಟುಕೊಂಡರು. ಇದಕ್ಕೆ ಸಿಟ್ಟು ಬಾರದಿದ್ದರೆ ಮತ್ತೆ ಯಾವುದಕ್ಕೆ ಬರಬೇಕು ಎಂದು ನನಗೆ ಗೊತ್ತಿಲ್ಲ.

ದೊಡ್ಡಪ್ಪನ ಮಗ ಹೊಸ ಕಾರು ತೆಗೆದುಕೊಂಡಿದ್ದಾನೆ. ಮೊನ್ನೆ ಭಟ್ಕಳದ ಪೆಟ್ರೋಲ್ ಬಂಕಿನಲ್ಲಿ ಎದುರಾದ. ಅದೂ ನೆಲಕ್ಕೆ ಅಂಟಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನ ಜೊತೆ ನಾನು ಮಾತಾಡುವುದಿಲ್ಲ. ಇಳಿದು ಅವಳ ಬಾಗಿಲ ಬಳಿ ಹೋಗಿ ಗಾಜು ತಟ್ಟಿದೆ. ಅವಳು ಗಾಜು ಇಳಿಸಿದಳು.

"ಇಳಿ ಒಂದು ಸಲ. ಮಗುವನ್ನು ನಾ ಹಿಡ್ಕೊಳ್ತೆ. ಮುಂದಿನ ಚಕ್ರದ ಒಳಗೆ ಕೈಹಾಕಿ ನೋಡು" ಎಂದೆ.

ಅವನು, "ಅಕ್ಕ, ಬಿಡು" ಎಂದ. ಅವಳು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಮಗುವನ್ನು ನನ್ನ ಕೈಗೆ ಕೊಟ್ಟು ಇಳಿದಳು.